ಅತ್ತೆಯ ಅಡುಗೆಮನೆಯಲ್ಲಿ ಸಂಖ್ಯಾಶಾಸ್ತ್ರ

ಮನಶ್ಶಾಸ್ತ್ರಜ್ಞರ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದ ವಿಷಯವನ್ನು ಅತ್ತೆಗೆ ಯಾರೂ ಹೇಳಲಿಲ್ಲ. ಅವರಾಗಿಯೇ ಕಂಡುಹಿಡಿದರು. ಫಲಿತಾಂಶ ಬಂದ ದಿನ ಸಂಜೆ ನಾನು ಜೋಳದ ರೊಟ್ಟಿ ತಟ್ಟುತ್ತಿದ್ದೆ. ಒಂದೂ ದುಂಡಗಾಗಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಂಚಿನ ಮೇಲೆ ಅಂಚು ಹರಿದುಕೊಂಡು ಬಿದ್ದಿದ್ದ ರೊಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು.

“ಯಾವ್ ಪೇಪರಲ್ಲಿ ಹೋಯ್ತು?” ಎಂದರು.

“ಸ್ಟ್ಯಾಟಿಸ್ಟಿಕ್ಸ್ ರೀ ಅತ್ತೆ. ರಿಸರ್ಚ್ ಮೆಥಡ್ಸೂ ಅದರಾಗೇ ಬರ್ತದ.”

ಅವರು ನಗಲಿಲ್ಲ. ನಕ್ಕಿದ್ದರೂ ತಪ್ಪಿರಲಿಲ್ಲ. ಜಯನಗರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅವರು ನಿವೃತ್ತರಾಗುವವರೆಗೂ ಕಲಿಸಿದ್ದು ಅದನ್ನೇ, ಸಂಖ್ಯಾಶಾಸ್ತ್ರವನ್ನೇ. ಅಂಥವರ ಮನೆಯಲ್ಲಿದ್ದುಕೊಂಡು ನಾನು ರೂಮಿನ ಬಾಗಿಲು ಹಾಕಿಕೊಂಡು ಯೂಟ್ಯೂಬ್ ನೋಡಿ ಆ ವಿಷಯ ಕಲಿಯಲು ಹೆಣಗಿದ್ದೆ.

ನಾನು ಬಾಗಲಕೋಟೆ ಕಡೆಯವಳು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನ ಪೀಜಿಯೊಂದರಲ್ಲಿದ್ದುಕೊಂಡು, ಜೆ.ಪಿ. ನಗರದ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿ ಸೇರಿದೆ. ಆ ಪೀಜಿಯ ನಲ್ಲಿಗಳು ಯಾವಾಗಲೂ ಸೋರುತ್ತಿದ್ದವು. ರಿಪೇರಿಗೆ ಸಾಮಾನು ತಂದುಕೊಡುತ್ತಿದ್ದ ಹಾರ್ಡ್‌ವೇರ್ ಅಂಗಡಿಯವರನ್ನೇ ನಾನು ಮದುವೆಯಾಗಿದ್ದು. ಚಿಕ್ಕಲಸಂದ್ರದಲ್ಲಿ ಅವರ ಮನೆ. ಅತ್ತೆ ಮದುವೆಯಾಗಿ ಬಂದಾಗ ಅಲ್ಲಿ ರಾಗಿ ಹೊಲವಿತ್ತಂತೆ. ನಾನು ಬರುವ ಹೊತ್ತಿಗೆ ಅದರ ಮೇಲೆ ನಾಲ್ಕು ಅಂತಸ್ತು ಎದ್ದು, ಮನೆಯವರು ಕೆಳಗಿನ ಮನೆಯಲ್ಲಿದ್ದು ಮೇಲಿನವನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದರು. ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕಿ, ಸೀರೆ ಬದಲಿಸಿ, ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದ ಸೊಸೆ ಆ ಊರಿನಲ್ಲಿ ಅವರೊಬ್ಬರೇ ಆಗಿದ್ದರೆಂದು ಗಂಡ ಹೆಮ್ಮೆಯಿಂದ ಹೇಳುತ್ತಿದ್ದರು.

ಅತ್ತೆಯೆಂದರೆ ನನಗೆ ಭಯವೇನೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರು ಕಡಿಮೆ ಮಾತಿನವರು. ನಾನು ಹೇಳಿದ್ದಕ್ಕೆ ಎಷ್ಟೋ ಸಲ ಉತ್ತರವೇ ಬರುತ್ತಿರಲಿಲ್ಲ. ನನ್ನ ಭಾಷೆ ಅವರಿಗೆ ಒರಟಾಗಿ ಕೇಳುತ್ತದೇನೋ ಎಂದುಕೊಂಡು ನಾನೂ ಮಾತು ಕಡಿಮೆ ಮಾಡಿದ್ದೆ.

ಶಾಲೆಯಲ್ಲಿ ನನಗೊಂದು ಮಿತಿಯಿತ್ತು. ಓದಲು ಕಷ್ಟಪಡುವ ಮಗುವೊಂದನ್ನು ಕಂಡರೆ ಅದರ ಜೊತೆ ಮಾತಾಡಬಹುದಿತ್ತು, ತಂದೆತಾಯಿಯನ್ನು ಕರೆಸಬಹುದಿತ್ತು. ಆದರೆ ಪರೀಕ್ಷಿಸಿ ವರದಿ ಬರೆದು ಸಹಿ ಹಾಕುವಂತಿರಲಿಲ್ಲ. ಅದಕ್ಕೆ ಲೈಸೆನ್ಸ್ ಬೇಕು. ಮದುವೆಯ ನಂತರ ಮತ್ತೆ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಪರೀಕ್ಷೆಗೆ ಕೂತದ್ದು ಆ ಸಹಿಗಾಗಿ. ಮನುಷ್ಯರ ಬಗ್ಗೆ ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಉತ್ತರಿಸಿದ್ದೆ. ಅಂಕಿಗಳು ಬಂದ ಕಡೆ ಕೈಕಾಲು ತಣ್ಣಗಾಗಿದ್ದವು.

“ನಾಳೆಯಿಂದ ಬೆಳಗ್ಗೆ ಇಲ್ಲೇ ಕೂತ್ಕೋ. ನಂಗೂ ಬೇಜಾರು ಕಳೆಯುತ್ತೆ,” ಎಂದು ಹೇಳಿ ಅತ್ತೆ ಆ ಹರಿದ ರೊಟ್ಟಿಯನ್ನೇ ತಟ್ಟೆಗೆ ಹಾಕಿಕೊಂಡು ಹೋದರು.

ಚಳಿ ಶುರುವಾಗಿತ್ತು. ಜಯನಗರದ ಮಾರುಕಟ್ಟೆಗೆ ಅವರೆಕಾಯಿ ಬಂದಿತ್ತು. ಅತ್ತೆಯ ಅಡುಗೆಮನೆಯಲ್ಲಿ ಆ ಕಾಲದಲ್ಲಿ ಎಲ್ಲದರಲ್ಲೂ ಅವರೆಕಾಳು: ಉಪ್ಪಿಟ್ಟಿನಲ್ಲಿ, ಅಕ್ಕಿರೊಟ್ಟಿಯಲ್ಲಿ, ಸಾರಿನಲ್ಲಿ. ಸುಲಿಯುವುದು, ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆಯುವುದು ಮುಗಿಯದ ಕೆಲಸ. ನನ್ನ ಪಾಠ ಆ ಕೆಲಸದ ಜೊತೆಯಲ್ಲೇ ನಡೆಯಿತು. ಊಟದ ಮೇಜಿನ ಆ ಕಡೆ ಅತ್ತೆ, ಈ ಕಡೆ ನಾನು, ನಡುವೆ ಹಳೆಯ ಪೇಪರಿನ ಮೇಲೆ ಕಾಯಿಯ ರಾಶಿ.

ಮೊದಲ ದಿನ ಅವರು ಸೂತ್ರಗಳಿದ್ದ ನನ್ನ ದಪ್ಪ ಗೈಡನ್ನು ಮುಚ್ಚಿ ಫ್ರಿಜ್ಜಿನ ಮೇಲಿಟ್ಟರು.

“ನಿನ್ನೆ ಈ ಕಾಯಿ ತಗೊಂಡಾಗ ಚೆನ್ನಾಗಿದೆಯಾ ಅಂತ ಹೇಗೆ ನೋಡ್ದೆ?”

“ಮ್ಯಾಲಿನವು ನಾಕು ಬಿಡಿಸಿ ನೋಡಿದೆ. ಛಲೋ ಇದ್ದವು.”

“ಈಗ ತಳದ್ದು ನೋಡು.”

ತಳದಲ್ಲಿ ಹುಳುಕು, ಜೊಳ್ಳು, ಬಲಿತು ಹಳದಿಯಾದವು.

“ಮಾರೋನು ಒಳ್ಳೇದನ್ನ ಮೇಲೆ ಜೋಡಿಸ್ತಾನೆ ಕಣಮ್ಮ. ಅದ್ರಲ್ಲಿ ನಾಲ್ಕಲ್ಲ, ನಲವತ್ತು ತೆಗೆದು ನೋಡಿದ್ರೂ ನಿಂಗೆ ರಾಶಿ ಗೊತ್ತಾಗಲ್ಲ. ಕೈ ಹಾಕಿ ಮೇಲಿಂದ, ನಡುವಿಂದ, ತಳದಿಂದ ಎಲ್ಲಾ ಕಡೆಯಿಂದ ತೆಗೀಬೇಕು. ಯಾವ ಕಾಯಿಗೂ ‘ನೀನು ಬೇಡ’ ಅನ್ಬಾರ್ದು. ಅಷ್ಟೇ ಸ್ಯಾಂಪ್ಲಿಂಗು. ಈಗ ಹೇಳು, ನಿಮ್ಮ ಮನಶ್ಶಾಸ್ತ್ರದವರು ಕಾಲೇಜು ಹುಡುಗರನ್ನ ಮಾತ್ರ ಕೂರಿಸಿ ಪ್ರಯೋಗ ಮಾಡಿ ‘ಮನುಷ್ಯರು ಹೀಗೆ’ ಅಂತ ಬರೆದ್ರೆ?”

“ಅವರು ಮ್ಯಾಲಿನ ಕಾಯಿ ಅಷ್ಟೇ ನೋಡ್ಯಾರ.”

“ಹ್ಞೂಂ,” ಎಂದರು. ಅವರ ಹೊಗಳಿಕೆ ಅಷ್ಟೇ ಇರುತ್ತಿತ್ತು.

ಎಲ್ಲ ದಿನವೂ ಹೀಗೆ ಸುಸೂತ್ರವಾಗಿ ನಡೆಯಲಿಲ್ಲ. ಪಿ-ವ್ಯಾಲ್ಯೂ ಎಂಬುದರ ಮೇಲೆ ನಮಗೆ ದೊಡ್ಡ ಜಗಳವೇ ಆಯಿತು. ಅದು ತೀರ ಚಿಕ್ಕದಾಗಿ ಬಂದರೆ ನಮ್ಮ ಊಹೆ ನಿಜವಾಗಿರುವ ಸಂಭವ ಅಷ್ಟು ಹೆಚ್ಚು ಎಂದು ನಾನು ಕಲಿತಿದ್ದೆ. ವಿಡಿಯೋದಲ್ಲಿ ಒಬ್ಬರು ಹಾಗೇ ಹೇಳಿದ್ದರು. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. “ಅಲ್ಲ. ಏನೂ ವ್ಯತ್ಯಾಸ ಇಲ್ಲ ಅಂತ್ಲೇ ಇಟ್ಕೋ. ಆಗ್ಲೂ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಕಾಣ್ಸೋ ಸಂಭವ ಎಷ್ಟು? ಅದನ್ನ ಮಾತ್ರ ಅದು ಹೇಳುತ್ತೆ. ನಿನ್ನ ಊಹೆ ನಿಜವೋ ಸುಳ್ಳೋ ಅದಕ್ಕೆ ಗೊತ್ತಿಲ್ಲ.” ನಾನು ವಾದ ಮಾಡಿದೆ. ಅವರು ಮತ್ತೆ ಅದನ್ನೇ ಹೇಳಿದರು. ನಾನು ಎದ್ದು ತಾರಸಿಗೆ ಹೋಗಿ ಬಟ್ಟೆ ಒಣಹಾಕಿದೆ. ಕೊನೆಯ ಟವೆಲ್ಲಿಗೆ ಕ್ಲಿಪ್ಪು ಹಾಕುವಾಗ ಅದು ತಲೆಗೆ ಹೋಯಿತು. ಇಳಿದು ಬಂದು, “ಅತ್ತೆ, ತಿಳೀತು,” ಎಂದೆ. ಅವರು ತಲೆಯೆತ್ತದೆ ಕಾಳು ಹಿತುಕುತ್ತಿದ್ದರು. ಎರಡನೇ ಸಲ ಹೇಳಿದಾಗ ನೋಡಿ ನಕ್ಕರು.

ವಾರಗಳು ಕಳೆದಂತೆ ನನಗೆ ಆ ಬೆಳಗುಗಳ ರುಚಿ ಹತ್ತಿತು. ಶಾಲೆಗೆ ಹೊರಡುವ ಮುಂಚಿನ ಒಂದು ಗಂಟೆ. ಬೆರಳ ತುದಿಗೆ ಅವರೆಯ ಸೊಗಡು ಅಂಟಿಕೊಂಡೇ ಇರುತ್ತಿತ್ತು. ಶಾಲೆಯ ಮಕ್ಕಳು “ಮಿಸ್, ಇವತ್ತೂ ಅವರೆಕಾಳಾ?” ಎಂದು ಕೇಳುತ್ತಿದ್ದರು.

ಅಂಥ ಒಂದು ಬೆಳಗಿನಲ್ಲೇ ಅತ್ತೆ ಕಾಳಿನ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ನಾನು ನಿರೀಕ್ಷಿಸದಿದ್ದ ಮಾತು ತೆಗೆದರು.

“ನಿಮ್ಮಲ್ಲಿ ಮರೆವಿಗೆ ಟೆಸ್ಟ್ ಇರುತ್ತಲ್ಲ? ಅದನ್ನ ನಂಗೊಂದ್ಸಲ ಮಾಡ್ತೀಯಾ?”

“ಯಾಕ್ರಿ ಅತ್ತೆ?”

ಅವರು ಒಂದೊಂದಾಗಿ ಹೇಳಿದರು. ಮೇಲಿನ ಮನೆಯವರು ನೀರಿನ ಟ್ಯಾಂಕರ್ ಬರುವ ದಿನ ಹೇಳಿದ್ದರಂತೆ, ಇವರಿಗೆ ನೆನಪೇ ಇಲ್ಲ. ಮಗ ಗ್ಯಾಸ್ ಸಿಲಿಂಡರ್ ಬರುತ್ತದೆಂದು ಹೇಳಿ ಹೋಗಿದ್ದರಂತೆ, ಇವರು ಬೀಗ ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿದ್ದರು. ತಂಗಿಯ ಮನೆಯ ಶಾಸ್ತ್ರಕ್ಕೆ ಹೋಗಲಿಲ್ಲ. ತಂಗಿ, “ಫೋನಲ್ಲಿ ಹೇಳಿದ್ನಲ್ಲೇ ಅಕ್ಕ,” ಎಂದು ಅತ್ತಳಂತೆ. “ಎಲ್ರೂ ‘ಹೇಳಿದ್ವಲ್ಲ’ ಅಂತಾರೆ. ನಂಗೆ ಹೇಳಿದ್ದೇ ನೆನಪಿಲ್ಲ. ನಮ್ಮಮ್ಮನಿಗೂ ಕೊನೇಲಿ ಹೀಗೇ ಆಗಿತ್ತು. ನನ್ನ ಹೆಸರೇ ಮರೆತಿದ್ರು.”

ಇಷ್ಟನ್ನೂ ಹೇಳುವಾಗ ಅವರ ದನಿಯಲ್ಲಿ ಏರಿಳಿತವಿರಲಿಲ್ಲ. ಆದರೆ ಕೈಯಲ್ಲಿದ್ದ ಕಾಳನ್ನು ಹಿತುಕದೆ ಹಾಗೇ ಹಿಡಿದುಕೊಂಡಿದ್ದರು.

“ನಾ ಮಾಡಬಾರದ್ರಿ,” ಎಂದೆ. “ಮನಿಯವರನ್ನ ನಾವ ಟೆಸ್ಟ್ ಮಾಡೂದು ತಪ್ಪಾಗ್ತದ. ನೀವು ಕಡಿಮಿ ಹೇಳಿದ್ರ ನಾನು ಒಂದು ಅಂಕ ಹೆಚ್ಚ ಹಾಕಿಬಿಡ್ತೀನಿ.”

“ಅದೂ ಸರಿಯೇ. ಬಯಾಸ್ ಬರುತ್ತೆ,” ಎಂದು ಅವರು ಒಪ್ಪಿದರು.

ತರಬೇತಿಯಲ್ಲಿ ನನಗೆ ಸೀನಿಯರ್ ಆಗಿದ್ದವರೊಬ್ಬರು ಜಯನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದರು. ಮೃದು ಮಾತಿನ, ಬಹಳ ತಾಳ್ಮೆಯ ಹೆಂಗಸು. ಶನಿವಾರ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹೊರಗೆ ರಸ್ತೆ ಅಗೆಯುತ್ತಿದ್ದರು. ಕಿಟಕಿ ಮುಚ್ಚಿದ್ದರೂ ಯಂತ್ರದ ಗರಗರ ಒಳಗೆ ಬರುತ್ತಿತ್ತು. ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು, ಇಂಟರ್‌ವ್ಯೂಗೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು. ಸೀನಿಯರ್ ನನ್ನನ್ನು ಹೊರಗೆ ಕೂರಿಸಿದರು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಅತ್ತೆಯ ಒಪ್ಪಿಗೆ ಕೇಳಿಕೊಂಡೇ ಸೀನಿಯರ್ ನನಗೂ ವಿಷಯ ಹೇಳಿದರು: ಇದು ಮೊದಲ ಹಂತದ ಚಿಕ್ಕ ಪರೀಕ್ಷೆ ಅಷ್ಟೇ, ಪದಗಳನ್ನು ಕೇಳಿ ನೆನಪಿಟ್ಟುಕೊಂಡು ಹೇಳುವ ಭಾಗದಲ್ಲಿ ಅಂಕ ಗಡಿಗಿಂತ ಸ್ವಲ್ಪ ಕೆಳಗೆ ಬಂದಿದೆ, ಮುಂದಿನ ತಿಂಗಳು ವಿವರವಾಗಿ ನೋಡೋಣ, ಗಾಬರಿ ಬೇಡ.

ಗಾಬರಿ ಬೇಡವೆಂದು ಬೇರೆಯವರಿಗೆ ನಾನೇ ಎಷ್ಟು ಸಲ ಹೇಳಿದ್ದೇನೋ. ಮನೆಗೆ ಬಂದು, ಅಕ್ಕಿ ತೊಳೆಯಲು ನಿಂತು, ನಲ್ಲಿ ಬಿಟ್ಟುಕೊಂಡು ಅಳತೊಡಗಿದೆ. ಭುಜದ ಮೇಲೆ ಅತ್ತೆಯ ಕೈ ಬಿತ್ತು.

“ನಲ್ಲಿ ನಿಲ್ಸು. ನೀರು ಹೋಗ್ತಿದೆ. ಬಾ ಇಲ್ಲಿ, ಕೂತ್ಕೋ.”

ಅತ್ತೆ ಮೇಜಿನ ಮೇಲೆ ಅವರೆಕಾಳು ಸುರಿದರು.

“ಇದು ನಮ್ಮ ವಯಸ್ಸಿನ ನೂರು ಜನ ಅಂದ್ಕೋ. ಸುಮ್ನೆ ಲೆಕ್ಕಕ್ಕೆ ಹೇಳ್ತಿದೀನಿ, ನಿಜವಾದ ನಂಬರ್ ಅಲ್ಲ. ಇವರಲ್ಲಿ ಹತ್ತು ಜನಕ್ಕೆ ಮರೆವಿನ ಕಾಯಿಲೆ ಇದೆ.” ಹತ್ತು ಕಾಳು ಹಿತುಕಿ ಬೇರೆ ಇಟ್ಟರು. “ಟೆಸ್ಟು ಚೆನ್ನಾಗಿದೆ, ಈ ಹತ್ತರಲ್ಲಿ ಒಂಬತ್ತನ್ನ ಹಿಡಿಯುತ್ತೆ. ಆದ್ರೆ ಚೆನ್ನಾಗಿರೋ ತೊಂಬತ್ತು ಜನ ಇದಾರಲ್ಲ, ಅವರಲ್ಲೂ ಐದಕ್ಕೆ ಒಬ್ಬರನ್ನ ತಪ್ಪಾಗಿ ಹಿಡಿಯುತ್ತೆ. ಎಷ್ಟಾಯ್ತು?”

ಮೂಗು ಒರೆಸಿಕೊಂಡು ಲೆಕ್ಕ ಮಾಡಿದೆ. “ಹದಿನೆಂಟು.”

“ಒಟ್ಟು ಸಿಕ್ಕಿಬಿದ್ದೋರು?”

“ಇಪ್ಪತ್ತೇಳು.”

“ಅದ್ರಲ್ಲಿ ನಿಜವಾಗ್ಲೂ ಕಾಯಿಲೆ ಇರೋರು?”

“ಒಂಬತ್ತು.” ಹೇಳುತ್ತಿದ್ದ ಹಾಗೇ ನನಗೆ ಅರ್ಥವಾಯಿತು. “ಮೂರರಾಗ ಒಬ್ಬರು.”

“ಹಂಗಾದ್ರೆ ನೀನು ಈಗಲೇ ಯಾಕೆ ಅಳ್ತಿದೀಯ? ಮೂರರಲ್ಲಿ ಎರಡು ನನ್ನ ಕಡೆ ಇದೆ.”

ಈ ಪಾಠ ನನ್ನ ಗೈಡಿನಲ್ಲೂ ಇತ್ತು, ಬೇಸ್ ರೇಟ್ ಎಂಬ ಹೆಸರಿನಲ್ಲಿ. ಓದಿ ಓದಿ ತಲೆಗೆ ಹೋಗದೆ ಬಿಟ್ಟಿದ್ದೆ. ಈಗ ಹೋಯಿತು, ಹೋದದ್ದೇ ಅದರ ತೊಡಕೂ ಕಂಡಿತು. ಹೇಳುವುದೋ ಬೇಡವೋ ಎಂದು ಕಾಳುಗಳನ್ನೇ ನೋಡುತ್ತ ಕೂತೆ.

“ಏನು? ಹೇಳು.”

“ಆದ್ರ ಅತ್ತೆ... ನೀವು ಸುಮ್ಮನ ರಸ್ತೆದಾಗ ಹೋಗೋರನ್ನ ನೂರು ಮಂದಿ ಹಿಡಕೊಂಡ್ರಿ. ನಾವು ಹೋಗಿದ್ದು ಹಂಗಲ್ಲ. ಮರೀಲಿಕ್ಕತ್ತೀನಿ ಅಂತ ತಾವ ಹೇಳಿಕೊಂಡು ಬಂದವರ ನೂರು ಮಂದಿ ತಗೊಂಡ್ರ, ಕಾಯಿಲೆ ಇದ್ದವರು ಹತ್ತಕ್ಕಿಂತ ಹೆಚ್ಚ ಇರ್ತಾರ. ಆಗ ಲೆಕ್ಕ ಬದಲಾಗ್ತದ.”

ಅತ್ತೆ ನನ್ನನ್ನೇ ನೋಡಿದರು. ತಮ್ಮ ವಿರುದ್ಧ ಹೋದ ಲೆಕ್ಕವನ್ನು ಅವರೇ ಕೈಯಾರೆ ಕಾಳು ಸರಿಸಿ ಇನ್ನೊಮ್ಮೆ ಮಾಡಿದರು. ಆಮೇಲೆ ಅವರ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಭೇಷ್! ನೀನು ಪಾಸಾಗ್ತೀಯ ಕಣೇ,” ಎಂದರು.

ಅವರಿಗೆ ಹೆದರಿಕೆಯಿರಲಿಲ್ಲವೆಂದಲ್ಲ. ಅವತ್ತು ಮಧ್ಯಾಹ್ನವೆಲ್ಲ ದೇವರ ಮನೆಯ ಹಿತ್ತಾಳೆ ಪಾತ್ರೆಗಳನ್ನು ತೆಗೆದು ಉಜ್ಜುತ್ತಿದ್ದರು. ಆದರೆ ಆ ನಗು ಸುಳ್ಳಿನದಾಗಿರಲಿಲ್ಲ.

ಮುಂದಿನ ವಾರ ಒಂದು ಸಂಗತಿ ನಡೆಯಿತು. ಅತ್ತೆ ಒಲೆಯ ಕಡೆ ಮುಖ ಮಾಡಿ ಒಗ್ಗರಣೆ ಹಾಕುತ್ತಿದ್ದರು. ನಾನು ಹಿಂದಿನಿಂದ, “ಅತ್ತೆ, ಸಂಜಿಕ್ಕೆ ಬರೂದು ತಡ ಆಗ್ತದ, ಪೇರೆಂಟ್ಸ್ ಮೀಟಿಂಗ್ ಅದ,” ಎಂದೆ. ಅವರು ತಲೆ ಆಡಿಸಿದರು. ಸಂಜೆ ಬಂದಾಗ ಗೇಟಿನಲ್ಲೇ ನಿಂತಿದ್ದರು. “ಎಲ್ಲೋಗಿದ್ದೆ? ಒಂದು ಮಾತು ಹೇಳಿ ಹೋಗ್ಬಾರ್ದಾ?” ಎಂದರು. “ಬೆಳಿಗ್ಗೆ ಹೇಳಿದ್ನಲ್ರಿ” ಎಂಬ ಮಾತು ಬಾಯಿಗೆ ಬಂದಿತ್ತು. ಅವರನ್ನು ಅಷ್ಟೊಂದು ಹೆದರಿಸಿದ್ದ ಆ ಮಾತನ್ನೇ ನಾನೂ ಆಡಲಿದ್ದೆ. ಅಲ್ಲೇ ತಡೆದು ಯೋಚಿಸಿದೆ. ಬೆಳಿಗ್ಗೆ ಹೇಳಿದ್ದು ಹೌದು. ಅವರಿಗೆ ಅದು ಕೇಳಿಸಿತ್ತೇ?

ಟ್ಯಾಂಕರಿನ ಸುದ್ದಿಯನ್ನು ಮೇಲಿನ ಮನೆಯವರು ಹೇಳಿದ್ದು ಬಾಲ್ಕನಿಯಿಂದ ಬಗ್ಗಿ. ಮಗ ಸಿಲಿಂಡರಿನ ವಿಷಯ ಹೇಳಿದ್ದು ಹೆಲ್ಮೆಟ್ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡುತ್ತ. ತಂಗಿ ಹೇಳಿದ್ದು ಫೋನಿನಲ್ಲಿ. ಕ್ಲಿನಿಕ್ಕಿನಲ್ಲಿ ಪದಗಳನ್ನು ಓದಿದವರದು ಮೃದು ದನಿ, ಹೊರಗೆ ರಸ್ತೆ ಅಗೆಯುವ ಸದ್ದು. ಒಂದು ಪರೀಕ್ಷೆ ತಾನು ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂದು ಮೊದಲು ಕೇಳಬೇಕೆಂದು ನಾನು ಬಾಯಿಪಾಠ ಮಾಡಿದ್ದೆ. ಮನೆಯಲ್ಲೇ ಇದ್ದ ಪ್ರಶ್ನೆ ಈಗಷ್ಟೇ ಹೊಳೆದಿತ್ತು.

ಎರಡು ದಿನ ಗುಟ್ಟಾಗಿ ನೋಡಿದೆ. ಒಮ್ಮೆ ಎದುರು ನಿಂತು ಮಾತಾಡುವುದು, ಒಮ್ಮೆ ಬೆನ್ನ ಹಿಂದಿನಿಂದ. ಒಮ್ಮೆ ಮಿಕ್ಸಿ ಓಡುವಾಗ, ಒಮ್ಮೆ ನಿಂತಾಗ. ಮೂರನೆಯ ದಿನ ನಾನು ಹಿಂದಿನಿಂದ, “ಅತ್ತೆ, ಬೆಲ್ಲ ಮುಗದದ,” ಎಂದಾಗ ಅವರು ಗಕ್ಕನೆ ತಿರುಗಿದರು.

“ಏನ್ ನಡೀತಿದೆ? ಒಂದ್ಸಲ ಮುಂದೆ ಬಂದು ಏನೋ ಅಂತೀಯ, ಒಂದ್ಸಲ ಹಿಂದೆ ನಿಂತು ಏನೋ ಅಂತೀಯ. ನನ್ನ ಮೇಲೆ ಪ್ರಯೋಗ ಮಾಡ್ತಿದೀಯಾ?”

“ಹೌದ್ರಿ,” ಎಂದೆ.

“ಒಪ್ಪಿಗೆ ತಗೊಳ್ದೇ?”

ನಾನು ತಲೆ ತಗ್ಗಿಸಿದೆ. ಆಮೇಲೆ ಅವರೆದುರು ಕೂತು, ಮುಖ ನೋಡಿಕೊಂಡು, ನನ್ನ ಗುಮಾನಿಯನ್ನು ಹೇಳಿದೆ. ಕ್ಲಿನಿಕ್ಕಿನಲ್ಲಿ ಪದಗಳು ಸರಿಯಾಗಿ ಕೇಳಿಸಿದವೇ ಎಂದು ಕೇಳಿದೆ.

“ಅರ್ಧಂಬರ್ಧ. ಇನ್ನೊಂದ್ಸಲ ಹೇಳಿ ಅನ್ನೋಕೆ ನಾಚಿಕೆ ಆಯ್ತು. ಕ್ಲಾಸಲ್ಲಿ ಹಾಗೆ ಕೇಳ್ದೋರಿಗೆ ನಾನು ಬೈತಿದ್ದೆ.” ಸೆರಗು ಸರಿಮಾಡಿಕೊಂಡರು. “ಸರಿ. ಮಾಡೋದಾದ್ರೆ ಸರಿಯಾಗಿ ಮಾಡು. ನಾನು ಒಪ್ಪಿಗೆ ಕೊಟ್ಟಿದೀನಿ.”

ಭಾನುವಾರ ನಮ್ಮ ನಡುಮನೆಯಲ್ಲಿ ಪ್ರಯೋಗ ನಡೆಯಿತು. ಯೋಜನೆಯೆಲ್ಲ ಅತ್ತೆಯದೇ. ಆಸ್ಪತ್ರೆಯ ಪದಗಳನ್ನು ಬಳಸಬಾರದು, ಮುಂದಿನ ಪರೀಕ್ಷೆ ಕೆಡುತ್ತದೆ. ಹೊಸ ಪದಗಳನ್ನು ಮಗ ಬರೆಯಬೇಕು. ಪದಗಳ ಗುಂಪುಗಳು ಒಂದಕ್ಕಿಂತ ಇನ್ನೊಂದು ಕಷ್ಟವಾಗಿರಬಾರದು. ಒಂದು ಸುತ್ತು ನಾನು ಎದುರು ಕೂತು ಓದಬೇಕು, ಒಂದು ಸುತ್ತು ಬೆನ್ನ ಹಿಂದೆ ನಿಂತು, ಎರಡೂ ಅದೇ ದನಿಯಲ್ಲಿ. ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. “ಇಲ್ದಿದ್ರೆ ಅಭ್ಯಾಸ ಆಗಿ ಆಮೇಲಿನದು ಚೆನ್ನಾಗಿ ಬಂತು ಅನ್ನಬಹುದು, ಇಲ್ಲಾ ಸುಸ್ತಾಗಿ ಕೆಟ್ಟದು ಬಂತು ಅನ್ನಬಹುದು.”

ಗಂಡ ಬರೆದುಕೊಟ್ಟ ಪದಗಳನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮೊಳೆ, ನಲ್ಲಿ, ಬಣ್ಣ, ಸರಪಳಿ, ಗರಗಸ, ಬೀಗ. ಇಡೀ ಅಂಗಡಿಯೇ ಅಲ್ಲಿತ್ತು.

“ರೀ, ಹೂವು ಹಣ್ಣು ಏನೂ ನೆನಪಾಗ್ಲಿಲ್ಲೇನು?”

“ನಂಗೆ ಗೊತ್ತಿರೋದು ಇದೇ,” ಎಂದರು.

ಎದುರು ಕೂತು ಓದಿದಾಗ ಅತ್ತೆ ಬಹುಪಾಲು ಪದಗಳನ್ನು ಪಟಪಟನೆ ತಿರುಗಿ ಹೇಳಿದರು. ಬೆನ್ನ ಹಿಂದೆ ನಿಂತು ಓದಿದಾಗ ತಡವರಿಸಿದರು. ಮೊಳೆ ಎಂದದ್ದು ಬಳೆಯಾಯಿತು, ಬಣ್ಣ ಎಂದದ್ದು ಹಣ್ಣಾಯಿತು. ನಾಣ್ಯ ಹೇಗೇ ಬೀಳಲಿ, ಎಷ್ಟು ಸುತ್ತು ಮಾಡಿದರೂ ಹಾಗೇ. ಕೊನೆಗೆ ಅತ್ತೆ ಕೈ ಎತ್ತಿ ನಿಲ್ಲಿಸಿದರು. ಅವರು ಇಷ್ಟು ದಿನವೂ ನಮ್ಮ ತುಟಿಗಳನ್ನು ನೋಡಿ ಮಾತು ಹಿಡಿಯುತ್ತಿದ್ದರು. ಅದು ಅವರಿಗೂ ಗೊತ್ತಿರಲಿಲ್ಲ.

“ಹಾಗಾದ್ರೆ ನಾನು ಮರೆತಿದ್ದಲ್ಲ,” ಎಂದರು ನಿಧಾನವಾಗಿ. “ನಂಗೆ ಕೇಳ್ಸೇ ಇರಲಿಲ್ಲ.”

ಗಂಡ ತಾಯಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ಅತ್ತೆ ತಕ್ಷಣ ಎಚ್ಚರಿಸಿದರು: “ಒಬ್ಬಳ ಮೇಲೆ ಒಂದು ದಿನ ಮಾಡಿದ್ದು ಇದು. ತೀರ್ಮಾನ ಅಂತ ಊರೆಲ್ಲ ಹೇಳ್ಕೊಂಡು ಬರ್ಬೇಡ. ಡಾಕ್ಟ್ರು ನೋಡ್ಲಿ.” ಆದರೆ ಅವತ್ತು ಮಧ್ಯಾಹ್ನ ಎರಡು ಮುದ್ದೆ ಉಂಡರು.

ಸೀನಿಯರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಅಯ್ಯೋ, ನಾನು ಮೊದ್ಲೇ ಕಿವಿ ಬಗ್ಗೆ ಕೇಳ್ಬೇಕಿತ್ತು,” ಎಂದು ನೊಂದುಕೊಂಡರು. ಅವರೇ ಹೇಳಿದ ಕಿವಿಯ ತಜ್ಞರ ಬಳಿಗೆ ಹೋದೆವು. ಎರಡೂ ಕಿವಿಗಳಲ್ಲಿ, ವಯಸ್ಸಿನ ಜೊತೆ ಮೆಲ್ಲನೆ ಬಂದ ಕೇಳಿಸುವಿಕೆಯ ನಷ್ಟ. ಕಿವಿಯ ಯಂತ್ರ ಹಾಕಿಸಿಕೊಂಡು ಹೊರಗೆ ಬಂದ ಅತ್ತೆ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಬಸ್ಸುಗಳ, ಆಟೋಗಳ, ಹಾರ್ನುಗಳ ಗದ್ದಲ ಅವರ ಮೇಲೆ ಒಮ್ಮೆಗೇ ಬಿದ್ದಿತ್ತು. “ಜಯನಗರ ಇಷ್ಟು ಕೆಟ್ಟೋಗಿದೆಯಾ!” ಎಂದರು.

ಯಂತ್ರಕ್ಕೆ ಒಗ್ಗಿಕೊಂಡ ಮೇಲೆ ಸೀನಿಯರ್ ಶಬ್ದವಿಲ್ಲದ ಕೋಣೆಯಲ್ಲಿ ವಿವರವಾದ ಪರೀಕ್ಷೆ ಮಾಡಿದರು. ಅತ್ತೆಯ ನೆನಪು ಅವರ ವಯಸ್ಸಿಗೆ ತಕ್ಕ ಹಾಗೆಯೇ ಇತ್ತು. ಮುಂದಿನ ವರ್ಷ ಇನ್ನೊಮ್ಮೆ ನೋಡೋಣ ಎಂದರು. ಅತ್ತೆಗೆ ಆ ಎಚ್ಚರಿಕೆ ಹಿಡಿಸಿತು. ಮೊದಲು ಮಾಡಿದ ಕೆಲಸ, ತಂಗಿಯ ಮನೆಗೆ ಹೋಗಿ ಅವಳನ್ನು ಸಮಾಧಾನ ಮಾಡಿ ಬಂದದ್ದು.

ಮನೆಯ ರೀತಿಯೇ ಬದಲಾಯಿತು. ಅತ್ತೆ ಮಾತು ಕಡಿಮೆಯವರೆಂಬುದು ನನ್ನ ತಪ್ಪು ಅಂದಾಜಾಗಿತ್ತು. ಅವರದು ಬೇಕಾದಷ್ಟು ಮಾತು. ಒಂದು ದಿನ ನಾನು ವರಾಂಡದಲ್ಲಿ ನಮ್ಮವ್ವನ ಜೊತೆ ಫೋನಿನಲ್ಲಿ ಮಾತಾಡಿ ಒಳಗೆ ಬಂದರೆ, ಅತ್ತೆ ಸೋಫಾದ ಮೇಲೆ ಕೂತು ನಗುತ್ತಿದ್ದರು.

“‘ನಮ್ಮತ್ತಿ ಭಾಳ ಗಟ್ಟಿ ಮನಷಾಳು’ ಅಂದ್ಯಲ್ಲ, ಅದು ಹೊಗಳಿದ್ದಾ, ಬೈದಿದ್ದಾ?”

“ಹೊಗಳಿದ್ದ್ರಿ!”

“ಇಷ್ಟು ವರ್ಷ ಇನ್ನೇನೇನು ಹೊಗಳಿದೀಯೋ ನಂಗೆ ಗೊತ್ತಾಗ್ಲಿಲ್ಲ ನೋಡು.”

ಪರೀಕ್ಷೆಯ ಕೇಂದ್ರ ಬನ್ನೇರುಘಟ್ಟ ರಸ್ತೆಯಲ್ಲಿ, ಗೊಟ್ಟಿಗೆರೆ ದಾಟಿದ ಮೇಲೆ. ಗಂಡ ಬೈಕಿನಲ್ಲಿ ಕರೆದುಕೊಂಡು ಹೋದರು. ಕಂಪ್ಯೂಟರಿನ ಮುಂದೆ ಕೂತಾಗ ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಹೊಸ ಪರೀಕ್ಷೆಯೊಂದನ್ನು ಒಂದು ಊರಿನವರ ಮೇಲೆ ರೂಪಿಸಿ ಇನ್ನೊಂದು ಊರಿನವರಿಗೆ ಕೊಟ್ಟರೆ ಏನು ತೊಂದರೆ? ಒಂದೇ ವ್ಯಕ್ತಿಗೆ ಎರಡನೇ ಸಲ ಪರೀಕ್ಷೆ ಮಾಡಿದಾಗ ಅಂಕ ಹೆಚ್ಚಿದರೆ ಅದಕ್ಕೆ ಯಾವ ಯಾವ ಕಾರಣಗಳಿರಬಹುದು? ಕೈಕಾಲು ತಣ್ಣಗಾಗಲಿಲ್ಲ. ಒಂದೆರಡು ಲೆಕ್ಕ ತಪ್ಪಿರಬಹುದು. ಅದರ ಬಗ್ಗೆ ದುಃಖವೂ ಆಗಲಿಲ್ಲ. ಹೊರಗೆ ಬಂದು ಗಂಡನ ಜೊತೆ ರಸ್ತೆಬದಿಯಲ್ಲಿ ಎಳನೀರು ಕುಡಿದೆ.

ಪಾಸಾದೆ. ಸುದ್ದಿ ಹೇಳಿದಾಗ ಅತ್ತೆ ಮೊದಲು ಕೇಳಿದ್ದು, “ಸ್ಟ್ಯಾಟಿಸ್ಟಿಕ್ಸಲ್ಲಿ ಎಷ್ಟು?” ಎಂದು. ಹೇಳಿದೆ. “ಪರ್ವಾಗಿಲ್ಲ,” ಎಂದು ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ನೆನೆಹಾಕಿದರು.

ಈಗ ಶಾಲೆಯಲ್ಲಿ ನನಗೊಂದು ಪುಟ್ಟ ಕೋಣೆ ಕೊಟ್ಟಿದ್ದಾರೆ. ಮಕ್ಕಳನ್ನು ಪರೀಕ್ಷಿಸಿ ವರದಿ ಬರೆದು ಸಹಿ ಹಾಕುತ್ತೇನೆ. ಅಂಕದ ಜೊತೆಗೆ, ಅದು ಎಷ್ಟರಿಂದ ಎಷ್ಟರವರೆಗೆ ಆಚೀಚೆ ಇರಬಹುದೆಂಬುದನ್ನೂ ಬರೆದು, ತಂದೆತಾಯಿಯನ್ನು ಕೂರಿಸಿಕೊಂಡು ವಿವರಿಸುತ್ತೇನೆ. ಕೆಲವರಿಗೆ ಒಂದೇ ಖಚಿತ ಸಂಖ್ಯೆ ಬೇಕು. “ಮೇಡಂ, ಕರೆಕ್ಟಾಗಿ ಎಷ್ಟು ಅಂತ ಹೇಳಿ,” ಎಂದು ಪಟ್ಟು ಹಿಡಿಯುತ್ತಾರೆ. ಆಗ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕಾಗುತ್ತದೆ. ಕೂರುತ್ತೇನೆ.

ನನ್ನ ಜೊತೆ ಫೇಲಾಗಿದ್ದ ಗೆಳತಿಯೊಬ್ಬಳು ಬಿಟಿಎಂನಲ್ಲಿದ್ದಳು. ಅತ್ತೆ ಕಲಿಸುತ್ತಾರೆಂದು ಅವಳಿಗೆ ಹೇಳಿದ್ದೇ ತಪ್ಪಾಯಿತು. ಅವಳು ಇನ್ನಿಬ್ಬರನ್ನು ಕರೆತಂದಳು, ಅವರು ಮತ್ತೆ ಕೆಲವರನ್ನು. ಈಗ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ನೆರಳಿನಲ್ಲಿ ಅತ್ತೆಯ ಕ್ಲಾಸು. ಲೈಸೆನ್ಸ್ ಪರೀಕ್ಷೆಗೆ ಓದುವವರು ಚಾಪೆಯ ಮೇಲೆ ಸುತ್ತ ಕೂರುತ್ತಾರೆ. ಕಾಫಿ ಹೊತ್ತುಕೊಂಡು ನಾನು ಮೆಟ್ಟಿಲು ಹತ್ತುವಾಗಲೇ ಅತ್ತೆಯ ದನಿ ಕೇಳುತ್ತದೆ.

ಕಳೆದ ವಾರ ಮಾವಿನಕಾಯಿ ಚಿತ್ರಾನ್ನ ಮಾಡಿ ಮೇಲೆ ಒಯ್ದೆ. ಒಬ್ಬ ಹುಡುಗಿ ಯಾವುದೋ ಸಂಶೋಧನೆಯ ತೀರ್ಮಾನವನ್ನು ಕಣ್ಣುಮುಚ್ಚಿ ನಂಬಿದ್ದಕ್ಕೆ ಅತ್ತೆಗೆ ಸಿಟ್ಟು ಬಂದಿತ್ತು. “ಯಾರನ್ನ ಕೇಳಿದ್ರು? ಹೇಗೆ ಕೇಳಿದ್ರು? ಕೇಳದೇ ಬಿಟ್ಟೋರು ಯಾರು? ಅದು ಗೊತ್ತಾಗೋವರೆಗೂ ನಂಬಬೇಡಮ್ಮ!” ಎನ್ನುತ್ತಿದ್ದರು. ಹುಡುಗಿ ನಗುತ್ತ ವಾದಿಸುತ್ತಿದ್ದಳು, ಉಳಿದವರೂ ಸೇರಿಕೊಂಡಿದ್ದರು. ನಾನು ತಟ್ಟೆಗಳನ್ನು ಹಂಚಿ, ಚಾಪೆಯ ಅಂಚಿನಲ್ಲಿ ಜಾಗ ಮಾಡಿಕೊಂಡು ಕೂತೆ. ವಾದ ಮುಗಿಯುವ ಹಾಗೆ ಕಾಣಲಿಲ್ಲ. ಯಾರಿಗೂ ಅವಸರವೂ ಇರಲಿಲ್ಲ.